ಕೊಟೇಶನ್‌ನಲ್ಲಿ ಮದರ್‌ಬೋರ್ಡಿನ ಪೂರ್ತಿ ಹೆಸರು ಇರಲಿ

ಮಾನ್ಯ ಸಂಪಾದಕರೇ,

ಮಂಗಳೂರು, ಉಡುಪಿ, ಮಣಿಪಾಲದ ಆರ್ಕಿಟೆಕ್ಟ್ ಕಚೇರಿಗಳು, ಒಳಾಂಗಣ ವಿನ್ಯಾಸಕರು, ತುಳು ಸಿನಿಮಾಗಳಿಗೆ ಗ್ರಾಫಿಕ್ಸ್ ಮಾಡಿಕೊಡುವ ಸಣ್ಣ ಸ್ಟುಡಿಯೊಗಳು, ಅನಿಮೇಶನ್ ಕಲಿಸುವ ಕಾಲೇಜುಗಳು ರೆಂಡರಿಂಗ್ (ಕಂಪ್ಯೂಟರಿನಲ್ಲಿ ರಚಿಸಿದ ಮಾದರಿಯಿಂದ ಅಂತಿಮ ಚಿತ್ರ, ವಿಡಿಯೊ ತೆಗೆಯುವ) ಕೆಲಸಕ್ಕೆಂದು ಲಕ್ಷಗಟ್ಟಲೆ ಸುರಿದು ಕಂಪ್ಯೂಟರ್ ಕೊಳ್ಳುತ್ತಾರೆ. ಅಂಗಡಿಯ ಕೊಟೇಶನ್ ಬಿಡಿಸಿ ನೋಡಿದರೆ ಪ್ರೊಸೆಸರಿನ ಹೆಸರು ಕೊನೆಯ ಅಕ್ಷರದವರೆಗೂ ಇರುತ್ತದೆ, ಗ್ರಾಫಿಕ್ಸ್ ಕಾರ್ಡಿನದು ದಪ್ಪಕ್ಷರದಲ್ಲಿರುತ್ತದೆ. ಇವನ್ನೆಲ್ಲ ಜೋಡಿಸುವ ಮದರ್‌ಬೋರ್ಡಿನ ಸಾಲಿನಲ್ಲಿ ಮಾತ್ರ ‘ಬಿ650 ಬೋರ್ಡ್’ ಎಂದೋ ‘ಝಡ್790, ಬ್ರ್ಯಾಂಡೆಡ್’ ಎಂದೋ ಬರೆದು ಮುಗಿಸಿರುತ್ತಾರೆ. ಇದು ಚಿಪ್‌ಸೆಟ್‌ನ, ಅಂದರೆ ಬೋರ್ಡಿನ ಸಂಪರ್ಕಗಳನ್ನು ನಿಭಾಯಿಸುವ ಚಿಪ್ಪಿನ ಹೆಸರು ಮಾತ್ರ. ಒಂದೇ ಚಿಪ್‌ಸೆಟ್ ಇಟ್ಟುಕೊಂಡ ಹತ್ತಾರು ಬೋರ್ಡ್‌ಗಳು ಮಾರುಕಟ್ಟೆಯಲ್ಲಿವೆ. ಅವುಗಳ ಬೆಲೆಯಲ್ಲಿ ಎರಡು ಮೂರು ಪಟ್ಟು ಅಂತರವಿದೆ, ತಾಳಿಕೆಯಲ್ಲಿ ಅದಕ್ಕಿಂತಲೂ ಹೆಚ್ಚು. ರೆಂಡರ್ ಯಂತ್ರ ಎಷ್ಟು ಹೊತ್ತು ಒಂದೇ ವೇಗದಲ್ಲಿ ದುಡಿದೀತು, ನಾಳೆ ಎರಡನೇ ಕಾರ್ಡ್ ಹಾಕಲು ಬಂದೀತೇ, ಕರಾವಳಿಯ ನಾಲ್ಕು ತಿಂಗಳ ಮಳೆಗಾಲವನ್ನು ತಡೆದೀತೇ ಎಂಬುದೆಲ್ಲ ಈ ಒಂದು ಸಾಲನ್ನೇ ಅವಲಂಬಿಸಿದೆ. ಅದಕ್ಕಾಗಿ ಈ ಪತ್ರ.

ಬೋರ್ಡಿನ ಮಾತಿಗೆ ಮೊದಲು ತೀರ್ಮಾನ ಆಗಬೇಕಾದದ್ದು ರೆಂಡರ್ ಮಾಡುವುದು ಯಾರು ಎಂಬುದು: ಪ್ರೊಸೆಸರೋ, ಗ್ರಾಫಿಕ್ಸ್ ಕಾರ್ಡೋ? ಕೊರೋನಾ ರೆಂಡರರ್ ಪ್ರೊಸೆಸರನ್ನೇ ನಂಬಿದೆ. ಲೂಮಿಯಾನ್, ಎನ್‌ಸ್ಕೇಪ್, ಟ್ವಿನ್‌ಮೋಶನ್, ಆಕ್ಟೇನ್, ರೆಡ್‌ಶಿಫ್ಟ್‌ಗಳ ಭಾರವೆಲ್ಲ ಕಾರ್ಡಿನ ಮೇಲೆ. ವಿ-ರೇ ಮತ್ತು ಬ್ಲೆಂಡರಿನ ಸೈಕಲ್ಸ್ ಎರಡರಲ್ಲೂ ಓಡುತ್ತವೆ. ಮೊದಲಿನದಾದರೆ ಬೋರ್ಡಿನ ವಿದ್ಯುತ್ ಭಾಗ ಗಟ್ಟಿಯಿರಬೇಕು, ಎರಡನೆಯದಾದರೆ ಸ್ಲಾಟ್‌ಗಳ ಜೋಡಣೆ ಸರಿಯಿರಬೇಕು. ಇದನ್ನು ಕೇಳದೆ ಬೋರ್ಡ್ ಸೂಚಿಸುವ ಅಂಗಡಿಯವರು ಗೇಮ್ ಆಡುವ ಹುಡುಗರಿಗೆ ಕೊಟ್ಟದ್ದನ್ನೇ ನಿಮಗೂ ಕೊಡುತ್ತಾರೆ. ಗೇಮಿನ ಭಾರ ಏರುತ್ತದೆ, ಇಳಿಯುತ್ತದೆ. ರೆಂಡರಿನ ಭಾರ ಇಳಿಯುವುದೇ ಇಲ್ಲ. ಸೆಕೆಂಡಿಗೆ 25 ಫ್ರೇಮ್‌ನಂತೆ ಒಂದು ನಿಮಿಷದ ವಾಕ್‌ಥ್ರೂ (ಕಟ್ಟಡದೊಳಗೆ ನಡೆದಂತೆ ತೋರಿಸುವ ವಿಡಿಯೊ) ಎಂದರೆ 1500 ಫ್ರೇಮ್. ಫ್ರೇಮಿಗೆ ಎರಡು ನಿಮಿಷ ಹಿಡಿದರೆ 50 ಗಂಟೆ. ಬೋರ್ಡ್ ಬಿಸಿಯಾಗಿ ಪ್ರೊಸೆಸರಿನ ವೇಗ ಕುಗ್ಗಿ, ಫ್ರೇಮಿಗೆ ಎರಡೂವರೆ ನಿಮಿಷ ಆಯಿತೆನ್ನಿ, ಅದೇ ಕೆಲಸ 62 ಗಂಟೆ ದಾಟುತ್ತದೆ. ಸೋಮವಾರ ಬೆಳಗ್ಗೆ ಗಿರಾಕಿಗೆ ತೋರಿಸಬೇಕಾದ ಕೆಲಸ ಸಂಜೆಗೆ ಹೋಗುವುದು ಹೀಗೆ.

ಬೋರ್ಡ್ ಬಿಸಿಯಾಗುವುದು ಯಾಕೆ ಎಂಬುದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಎಸ್‌ಎಂಪಿಎಸ್ (ಕಂಪ್ಯೂಟರಿನ ವಿದ್ಯುತ್ ಪೂರೈಕೆ ಡಬ್ಬಿ) ಕೊಡುವುದು 12 ವೋಲ್ಟ್. ಪ್ರೊಸೆಸರಿಗೆ ಬೇಕಾದದ್ದು ಒಂದು ವೋಲ್ಟಿಗಿಂತ ತುಸು ಹೆಚ್ಚು, ಆದರೆ ಕರೆಂಟ್ ಮಾತ್ರ ವಿಪರೀತ. ಎಎಂಡಿಯ ರೈಜನ್ 9 7950ಎಕ್ಸ್ ಪೂರ್ಣ ಭಾರದಲ್ಲಿ 230 ವ್ಯಾಟ್‌ವರೆಗೆ ಎಳೆಯುತ್ತದೆ. ನಿರಂತರ ಕರೆಂಟಿನ ಮಿತಿ 160 ಆಂಪಿಯರ್, ಕ್ಷಣಿಕ ಮಿತಿ 225. ಇಂಟೆಲ್ ಕೋರ್ ಐ9 14900ಕೆ ಎಳೆಯುವುದು 253 ವ್ಯಾಟ್. 12 ವೋಲ್ಟನ್ನು ಇಳಿಸಿ ಇಷ್ಟು ಕರೆಂಟ್ ಕೊಡುವ ಕೆಲಸ ಪ್ರೊಸೆಸರ್ ಕೂರುವ ಸಾಕೆಟಿನ ಎಡಕ್ಕೂ ಮೇಲಕ್ಕೂ ಸಾಲಾಗಿ ಕೂತ ಮಾಸ್ಫೆಟ್ (ಸ್ವಿಚ್ಚಿನಂತೆ ದುಡಿಯುವ ಚಿಪ್) ಮತ್ತು ಚೋಕ್‌ಗಳದ್ದು (ತಂತಿ ಸುರುಳಿ). ಇದಕ್ಕೇ ವಿಆರ್‌ಎಂ ಎನ್ನುತ್ತಾರೆ. ಈ ಇಳಿಕೆಯಲ್ಲಿ ನೂರಕ್ಕೆ ಹತ್ತರಷ್ಟು ನಷ್ಟವಾದರೂ 25 ವ್ಯಾಟ್ ಬಿಸಿ ಬೋರ್ಡಿನ ಮೂಲೆಯಲ್ಲೇ ಹುಟ್ಟುತ್ತದೆ. ಒಂದು ಸಣ್ಣ ಸಾಲ್ಡರಿಂಗ್ ಐರನ್ ಐವತ್ತು ಗಂಟೆ ಉರಿದಂತೆ.

ಮಾಸ್ಫೆಟ್ ಮತ್ತು ಚೋಕ್ ಸೇರಿದ ಒಂದು ಘಟಕಕ್ಕೆ ಒಂದು ಫೇಸ್ ಎನ್ನುತ್ತಾರೆ. ಕರೆಂಟು ಹೆಚ್ಚು ಫೇಸ್‌ಗಳಲ್ಲಿ ಹಂಚಿಹೋದಷ್ಟೂ ಬಿಸಿ ಕಡಿಮೆ. 160 ಆಂಪಿಯರನ್ನು 8 ಫೇಸ್ ಹೊತ್ತರೆ ತಲಾ 20, 16 ಫೇಸ್ ಹೊತ್ತರೆ ತಲಾ 10. ತಾಮ್ರದಲ್ಲೂ ಮಾಸ್ಫೆಟ್‌ನಲ್ಲೂ ಆಗುವ ನಷ್ಟ ಕರೆಂಟಿನ ವರ್ಗದ ಲೆಕ್ಕದಲ್ಲಿ ಏರುವುದರಿಂದ, ಫೇಸ್ ಇಮ್ಮಡಿಯಾದರೆ ಆ ಭಾಗದ ಒಟ್ಟು ನಷ್ಟ ಅರ್ಧಕ್ಕೆ ಇಳಿಯುತ್ತದೆ. ಪೆಟ್ಟಿಗೆಯ ಮೇಲೆ ‘12+2+1’ ಎಂದು ಬರೆದಿದ್ದರೆ ಕೋರ್‌ಗಳಿಗೆ ದುಡಿಯುವುದು ಮೊದಲಿನ 12 ಮಾತ್ರ. ಮೂರನ್ನೂ ಕೂಡಿಸಿ ‘15 ಫೇಸ್’ ಎಂದು ಹೇಳಿದರೆ ಒಪ್ಪಬೇಡಿ. ಪ್ರತಿ ಫೇಸಿನ ಪವರ್ ಸ್ಟೇಜ್ (ಮಾಸ್ಫೆಟ್ ಚಿಪ್) ಎಷ್ಟು ಆಂಪಿಯರಿನದ್ದು ಎಂಬುದೂ ತಯಾರಕರ ಪುಟದಲ್ಲಿರುತ್ತದೆ. 16 ಕೋರಿನ ಪ್ರೊಸೆಸರಿಗೆ 60 ಆಂಪಿಯರಿನ 12 ಫೇಸ್, ಮೇಲೆ ತೂಕವಿರುವ ಅಲ್ಯೂಮಿನಿಯಂ ಹೀಟ್‌ಸಿಂಕ್ ಇದ್ದರೆ ನಮ್ಮ ಮಟ್ಟಿಗೆ ಸಾಕು. ಹೀಟ್‌ಸಿಂಕೇ ಇಲ್ಲದ, ಮಾಸ್ಫೆಟ್‌ಗಳು ಬೆತ್ತಲೆ ಕಾಣುವ ಬೋರ್ಡನ್ನು ಯಾವ ಬೆಲೆಗೂ ರೆಂಡರಿಂಗ್‌ಗೆ ತರಬಾರದು. ಆರೇಳು ಫೇಸಿನ ಅಗ್ಗದ ಬೋರ್ಡಿನಲ್ಲೂ ಅದೇ 7950ಎಕ್ಸ್ ಆನ್ ಆಗುತ್ತದೆ, ಹತ್ತು ನಿಮಿಷದ ಪರೀಕ್ಷೆಯಲ್ಲಿ ಪಾಸೂ ಆಗುತ್ತದೆ. ಸೋಲುವುದು ಎರಡನೇ ಗಂಟೆಯಲ್ಲಿ.

ಇನ್ನೊಂದು ವಿಷಯ ಬಹಳ ಮಂದಿಗೆ ಹೊಳೆಯುವುದಿಲ್ಲ. ದೊಡ್ಡ ಏರ್ ಕೂಲರ್ ಇದ್ದಾಗ ಅದರ ಫ್ಯಾನಿನ ಗಾಳಿ ಸಾಕೆಟಿನ ಸುತ್ತಲೂ ಸುಳಿದು ವಿಆರ್‌ಎಂ ತಣಿಸುತ್ತದೆ. ಅದರ ಬದಲು ವಾಟರ್ ಕೂಲರ್ ಹಾಕಿದರೆ ಪ್ರೊಸೆಸರ್ ತಂಪಾಗುತ್ತದೆ, ಪಕ್ಕದ ಮಾಸ್ಫೆಟ್‌ಗಳಿಗೆ ಗಾಳಿಯೇ ಇಲ್ಲ. ವಾಟರ್ ಕೂಲರ್ ಹಾಕುವವರು ಕ್ಯಾಬಿನೆಟಿನ ಹಿಂಬದಿ ಫ್ಯಾನನ್ನು ಯಾವ ಕಾರಣಕ್ಕೂ ಬಿಡಬಾರದು. ಹೊರಗಿನ ವಿಮರ್ಶಕರು ಪರೀಕ್ಷೆ ಮಾಡುವುದು 20–25 ಡಿಗ್ರಿ ಕೋಣೆಯಲ್ಲಿ. ನಮ್ಮ ಏಪ್ರಿಲ್ ಸೆಕೆಯಲ್ಲಿ ಎಸಿ ಇಲ್ಲದ ಕೋಣೆ 33 ಡಿಗ್ರಿ ಇದ್ದರೆ ಅವರ ಅಂಕಿಗೆ ಹತ್ತು ಡಿಗ್ರಿ ಕೂಡಿಸಿಯೇ ಓದಬೇಕು. ವಿಆರ್‌ಎಂ ಬಿಸಿ 90ರ ಒಳಗೆ ನಿಂತರೆ ನೆಮ್ಮದಿ; ನೂರು ದಾಟಿ ಏರುತ್ತಲೇ ಇದ್ದರೆ ಬೋರ್ಡ್ ತನ್ನನ್ನು ಉಳಿಸಿಕೊಳ್ಳಲು ಪ್ರೊಸೆಸರಿನ ವೇಗ ಕಡಿಯುತ್ತದೆ.

ಈಗ ಗ್ರಾಫಿಕ್ಸ್ ಕಾರ್ಡಿನಿಂದ ರೆಂಡರ್ ಮಾಡುವವರ ವಿಷಯ. ‘ಎರಡು ಉದ್ದ ಸ್ಲಾಟ್ ಇದೆಯಲ್ಲ, ಮುಂದೆ ಇನ್ನೊಂದು ಕಾರ್ಡ್ ಹಾಕಬಹುದು’ ಎಂಬ ಮಾತು ನಂಬಿ ಮೋಸ ಹೋದವರು ಬಹಳ. ಸ್ಲಾಟಿನ ಉದ್ದ ಬೇರೆ, ಅದರೊಳಗಿನ ಲೇನ್‌ಗಳ (ಡೇಟಾ ಸಾಗುವ ದಾರಿಗಳ) ಲೆಕ್ಕ ಬೇರೆ. ಎಎಂಡಿಯ ಎಎಂ5 ಸಾಕೆಟಿನ ರೈಜನ್‌ಗಳಲ್ಲಿ ಒಟ್ಟು 28 ಪಿಸಿಐಇ (ಕಾರ್ಡ್, ಎಸ್‌ಎಸ್‌ಡಿಗಳನ್ನು ಜೋಡಿಸುವ ವ್ಯವಸ್ಥೆ) ಲೇನ್. 4 ಚಿಪ್‌ಸೆಟಿಗೆ ಹೋದರೆ ಉಳಿಯುವುದು 24. ಅದರಲ್ಲಿ 16 ಕಾರ್ಡಿಗೆ, ಮಿಕ್ಕವು ಹೆಚ್ಚಾಗಿ ಎಸ್‌ಎಸ್‌ಡಿಗಳಿಗೆ. ಇಂಟೆಲ್‌ನ ಎಲ್‌ಜಿಎ1700 ಸಾಕೆಟಿನಲ್ಲಿ ಕಾರ್ಡಿಗೆ 16, ಎಸ್‌ಎಸ್‌ಡಿಗೆ 4, ಅಷ್ಟೇ. ಹಾಗಾಗಿ ಎರಡನೇ ಕಾರ್ಡಿಗೆ ದಾರಿ ಎರಡು: ಆ 16ನ್ನೇ 8 ಮತ್ತು 8 ಎಂದು ಪಾಲು ಮಾಡುವುದು, ಇಲ್ಲವೇ ಚಿಪ್‌ಸೆಟಿನಿಂದ ಬರುವ 4 ಲೇನಿನಲ್ಲಿ ಓಡಿಸುವುದು. ಬಿ760 ಚಿಪ್‌ಸೆಟ್‌ನಲ್ಲಿ ಪಾಲು ಮಾಡಲು ಬರುವುದೇ ಇಲ್ಲ. ಝಡ್790ರಲ್ಲಿ ಬರುತ್ತದೆ, ಆದರೆ ಬೋರ್ಡ್ ತಯಾರಕರು ಅದಕ್ಕೆ ಬೇಕಾದ ಸ್ವಿಚ್ ಚಿಪ್ ಕೂರಿಸಿದ್ದರೆ ಮಾತ್ರ. ಬಿ650 ಬೋರ್ಡ್‌ಗಳಲ್ಲಿ ಕೆಳಗಿನ ಉದ್ದ ಸ್ಲಾಟ್ ಬಹುಪಾಲು ಚಿಪ್‌ಸೆಟಿನದ್ದು.

4 ಲೇನ್ ಆದರೆ ನಷ್ಟವೇನು? ಪಿಸಿಐಇ 4.0ರಲ್ಲಿ 16 ಲೇನ್ ಎಂದರೆ ಸೆಕೆಂಡಿಗೆ ಸುಮಾರು 32 ಜಿಬಿ, 8 ಎಂದರೆ 16, 4 ಎಂದರೆ 8. ಒಂದು ಸ್ಟಿಲ್ ಚಿತ್ರಕ್ಕೆ ಹತ್ತು ನಿಮಿಷ ಹಿಡಿಯುವವರಿಗೆ ಸೀನ್ ಒಮ್ಮೆ ಕಾರ್ಡಿಗೆ ಏರಿದರೆ ಮುಗಿಯಿತು, 8 ಲೇನಿನಲ್ಲಿ ವ್ಯತ್ಯಾಸ ಕಾಣುವುದಿಲ್ಲ. ಫ್ರೇಮಿಗೆ ಐದು ಸೆಕೆಂಡಿನ ಅನಿಮೇಶನ್‌ನಲ್ಲಿ 20 ಜಿಬಿ ಸೀನ್ ಪ್ರತಿ ಸಲ ಏರಬೇಕಾದರೆ 4 ಲೇನ್ ದಾರಿಯಲ್ಲಿ ಎರಡೂವರೆ ಸೆಕೆಂಡ್ ಅದಕ್ಕೇ ಹೋಗುತ್ತದೆ. ಸೈಕಲ್ಸ್‌ನಲ್ಲಿ ‘ಪರ್ಸಿಸ್ಟೆಂಟ್ ಡೇಟಾ’ ಆನ್ ಮಾಡಿದರೆ ಈ ಪದೇ ಪದೇ ಸಾಗಾಟ ತಗ್ಗುತ್ತದೆ. ಎರಡು ಕಾರ್ಡ್ ಹಾಕಿದರೆ ಮೆಮೊರಿ ಕೂಡುತ್ತದೆ ಎಂಬ ಭ್ರಮೆಯೂ ಇದೆ. ಆರ್‌ಟಿಎಕ್ಸ್ 3090ರಲ್ಲಿದ್ದ, ಎರಡು ಕಾರ್ಡ್‌ಗಳನ್ನು ಬೆಸೆಯುವ ಎನ್‌ವಿಲಿಂಕ್ 4090ರಲ್ಲಿ ಇಲ್ಲ. 24 ಜಿಬಿಯ ಎರಡು ಕಾರ್ಡ್ ಇದ್ದರೂ ಸೀನ್ 24 ಜಿಬಿಯೊಳಗೇ ಹಿಡಿಯಬೇಕು.

ಅಳತೆಪಟ್ಟಿ ಹಿಡಿಯುವುದೂ ಇಲ್ಲಿಯೇ. ಒಂದು ಸ್ಲಾಟಿನಿಂದ ಇನ್ನೊಂದಕ್ಕೆ 20.32 ಮಿಲಿಮೀಟರ್. ಇಂದಿನ ದೊಡ್ಡ ಕಾರ್ಡ್‌ಗಳ ದಪ್ಪ ಮೂರು ಮೂರೂವರೆ ಸ್ಲಾಟ್, ಅಂದರೆ 70 ಮಿಮೀ ಆಸುಪಾಸು. ಎರಡನೇ ಉದ್ದ ಸ್ಲಾಟ್ ಮೂರು ಸ್ಥಾನ ಕೆಳಗಿದ್ದರೆ ಸಿಗುವುದು 61 ಮಿಮೀ, ಕಾರ್ಡ್ ಕೂರುವುದಿಲ್ಲ. ನಾಲ್ಕು ಸ್ಥಾನ ಕೆಳಗಿದ್ದರೆ 81 ಮಿಮೀ. ಕೂತರೂ ಮೇಲಿನ ಕಾರ್ಡಿನ ಫ್ಯಾನಿಗೆ ಒಂದು ಬೆರಳಿನಷ್ಟೇ ಜಾಗ. ಕೆಳಗಿನ ಕಾರ್ಡ್ ಕ್ಯಾಬಿನೆಟಿನ ತಳಕ್ಕೋ ಎಸ್‌ಎಂಪಿಎಸ್ ಮುಚ್ಚಳಕ್ಕೋ ತಾಗುತ್ತದೆಯೇ ಎಂಬುದನ್ನೂ ನೋಡಬೇಕು.

ಎಂ.2 ಎಸ್‌ಎಸ್‌ಡಿ ಸ್ಲಾಟ್‌ಗಳ ಒಳಗುಟ್ಟು ಇನ್ನೂ ಸೂಕ್ಷ್ಮ. ಕೆಲವು ಝಡ್790, ಎಕ್ಸ್870ಇ ಬೋರ್ಡ್‌ಗಳಲ್ಲಿ ನಿರ್ದಿಷ್ಟ ಎಂ.2 ಸ್ಲಾಟಿಗೆ ಡ್ರೈವ್ ಹಾಕಿದ ಕೂಡಲೇ ಗ್ರಾಫಿಕ್ಸ್ ಸ್ಲಾಟ್ 16ರಿಂದ 8ಕ್ಕೆ ಇಳಿಯುತ್ತದೆ. ಕೆಲವು ಎಕ್ಸ್870 ಬೋರ್ಡ್‌ಗಳಲ್ಲಿ ಯುಎಸ್‌ಬಿ4 ಪೋರ್ಟ್ ಮತ್ತು ಒಂದು ಎಂ.2 ಸ್ಲಾಟ್ ಒಂದೇ ಲೇನ್ ಹಂಚಿಕೊಳ್ಳುತ್ತವೆ. ಕೆಲವದರಲ್ಲಿ ಮೂರನೇ ಎಂ.2 ತುಂಬಿದರೆ ಹಾರ್ಡ್‌ಡಿಸ್ಕ್ ಜೋಡಿಸುವ ಎರಡು ಸಾಟಾ ಪೋರ್ಟ್ ಸತ್ತಂತೆ. ಹಳೆಯ ಪ್ರಾಜೆಕ್ಟ್‌ಗಳಿದ್ದ ಹಾರ್ಡ್‌ಡಿಸ್ಕ್ ಕಾಣೆಯಾಯಿತೆಂದು ಗಾಬರಿ ಬಿದ್ದು, ಡೇಟಾ ರಿಕವರಿಯವರ ಬಾಗಿಲು ತಟ್ಟಿದ ಮೇಲೆ ಕಾರಣ ಇಷ್ಟೇ ಎಂದು ತಿಳಿಯುವುದಿದೆ. ತಯಾರಕರ ಜಾಲತಾಣದಲ್ಲಿ ಪ್ರತಿ ಬೋರ್ಡಿನ ಮ್ಯಾನುವಲ್ ಉಚಿತವಾಗಿ ಸಿಗುತ್ತದೆ. ಅದರ ಮೊದಲ ಪುಟಗಳಲ್ಲೇ ಈ ಹಂಚಿಕೆಯ ಕೋಷ್ಟಕ ಇರುತ್ತದೆ. ಹಣ ಕೊಡುವ ಮೊದಲು ಓದಬೇಕಾದದ್ದು ಆ ಒಂದು ಪುಟ.

ಮೂರು ನಾಲ್ಕು ಕಾರ್ಡ್ ಬೇಕಾದವರು ಈ ಸಾಕೆಟ್‌ಗಳಲ್ಲಿ ಕಸರತ್ತು ಮಾಡಬಾರದು. ಎಎಂಡಿಯ ವರ್ಕ್‌ಸ್ಟೇಶನ್ ಪ್ರೊಸೆಸರುಗಳಾದ ಥ್ರೆಡ್‌ರಿಪ್ಪರ್ 7000 ಮತ್ತು ಟಿಆರ್‌ಎಕ್ಸ್50 ಬೋರ್ಡ್‌ಗಳಲ್ಲಿ ಪಿಸಿಐಇ 5.0 ಲೇನ್ 48, ಮೆಮೊರಿ ನಾಲ್ಕು ಚಾನೆಲ್. ಡಬ್ಲ್ಯುಆರ್‌ಎಕ್ಸ್90 ಮತ್ತು ಪ್ರೊ ಸರಣಿಯಲ್ಲಿ 128 ಲೇನ್, ಎಂಟು ಚಾನೆಲ್. ಬೋರ್ಡಿನ ಬೆಲೆ ಹಲವು ಪಟ್ಟು ಏರುತ್ತದೆ, ಪ್ರೊಸೆಸರಿನದು 350 ವ್ಯಾಟ್. ಇವು ಸ್ವೀಕರಿಸುವುದು ರಿಜಿಸ್ಟರ್ಡ್ ಡಿಡಿಆರ್5 (ಸರ್ವರ್ ಬಗೆಯ ಮೆಮೊರಿ) ಮಾತ್ರ. ಸಾಮಾನ್ಯ ರ‍್ಯಾಮ್ ಕೊಂಡು ತಂದರೆ ಸ್ಲಾಟಿಗೆ ಕೂರುವುದೂ ಇಲ್ಲ.

ರ‍್ಯಾಮ್ ವಿಷಯದಲ್ಲಿ ಒಂದೇ ಮಾತು: ಎಎಂ5ನಲ್ಲಿ ನಾಲ್ಕು ಕಡ್ಡಿಗಿಂತ ಎರಡು ದೊಡ್ಡ ಕಡ್ಡಿ ಲೇಸು. 7950ಎಕ್ಸ್‌ಗೆ ಅಧಿಕೃತ ವೇಗ ಎರಡು ಕಡ್ಡಿಯಲ್ಲಿ 5200, ನಾಲ್ಕು ಹಾಕಿದರೆ 3600. 96 ಜಿಬಿ ಬೇಕಿದ್ದರೆ 48ರ ಎರಡು ಕೊಳ್ಳಿ, 24ರ ನಾಲ್ಕು ಬೇಡ. ಪ್ರೊಸೆಸರಿನಿಂದ ಎಣಿಸಿದರೆ ಎರಡನೇ ಮತ್ತು ನಾಲ್ಕನೇ ಸ್ಲಾಟಿಗೆ ಹಾಕಬೇಕು. ಮೊದಲ ಸಲ ಆನ್ ಮಾಡಿದಾಗ ಮೆಮೊರಿ ಟ್ರೇನಿಂಗ್ (ಬೋರ್ಡ್ ಮೆಮೊರಿಗೆ ಹೊಂದಿಕೊಳ್ಳುವ ಪರೀಕ್ಷೆ) ಆಗುತ್ತದೆ. ಹಲವು ನಿಮಿಷ ಪರದೆ ಕಪ್ಪಾಗಿಯೇ ಇರುತ್ತದೆ. ಬೋರ್ಡ್ ಸತ್ತಿತೆಂದು ಪ್ಲಗ್ ಕೀಳಬೇಡಿ. ಇಂಟೆಲ್ 1700 ಬೋರ್ಡಿನ ಹೆಸರಿನ ಕೊನೆಗೆ ‘ಡಿ4’ ಇದ್ದರೆ ಅದು ಡಿಡಿಆರ್4ರದ್ದು. ಹೀಗೆ ಒಂದೊಂದು ಅಕ್ಷರಕ್ಕೂ ಅರ್ಥ ಇದೆ: ಬಿ650ರ ನಂತರ ‘ಎಂ’ ಇದ್ದರೆ ಸಾಮಾನ್ಯವಾಗಿ ಚಿಕ್ಕ ಮೈಕ್ರೊ ಎಟಿಎಕ್ಸ್ ಬೋರ್ಡ್, ‘ಇ’ ಇದ್ದರೆ ಗ್ರಾಫಿಕ್ಸ್ ಸ್ಲಾಟ್ ಪಿಸಿಐಇ 5.0.

ವಿದ್ಯುತ್ತಿನ ಲೆಕ್ಕವನ್ನು ಬೋರ್ಡಿನ ಜೊತೆಯಲ್ಲೇ ಹಾಕಬೇಕು. ಪ್ರೊಸೆಸರಿಗೆ ಎರಡು 8 ಪಿನ್ ಸಾಕೆಟ್ ಇರುವ ಬೋರ್ಡಾದರೆ ಎರಡಕ್ಕೂ ಕೇಬಲ್ ಕೊಡಿ. ಒಂದರಲ್ಲಿ ಆನ್ ಆಗುತ್ತದೆಂದು ಬಿಟ್ಟರೆ ಆ ಒಂದೇ ಕನೆಕ್ಟರ್ ಬಿಸಿಯಾಗುತ್ತದೆ. ಸ್ಲಾಟ್ ಕಾರ್ಡಿಗೆ ಕೊಡಬಲ್ಲದ್ದು 75 ವ್ಯಾಟ್ ಮಾತ್ರ. 450 ವ್ಯಾಟಿನ ಎರಡು 4090, 230ರ ಪ್ರೊಸೆಸರ್, ಉಳಿದದ್ದಕ್ಕೆ ನೂರು ಸೇರಿಸಿದರೆ 1230. ಅದಕ್ಕೆ 1600 ವ್ಯಾಟಿನ ಎಸ್‌ಎಂಪಿಎಸ್ ಬೇಕು. ಅದನ್ನು ಗೋಡೆಯ 6 ಆಂಪಿಯರ್ ಪ್ಲಗ್ಗಿಗೆ ಸಿಕ್ಕಿಸುವಂತಿಲ್ಲ. 230 ವೋಲ್ಟಿನಲ್ಲಿ ಅದರ ಮಿತಿ 1380 ವ್ಯಾಟ್. 16 ಆಂಪಿಯರಿನ ಪ್ರತ್ಯೇಕ ಲೈನ್ ಎಳೆಸಿ. 600 ವಿಎ ಯುಪಿಎಸ್ ಹೆಚ್ಚೆಂದರೆ 360 ವ್ಯಾಟ್ ಹೊರುತ್ತದೆ, ರೆಂಡರ್ ಶುರುವಾದ ಕ್ಷಣಕ್ಕೇ ಕೀ ಎಂದು ಕೂಗಿ ಕೈಕೊಡುತ್ತದೆ.

ಬೆಂಗಳೂರಿನವರ ಸಲಹೆ ನಮಗೆ ಪೂರ್ತಿ ಸಾಲದೆ ಬರುವುದು ಮಳೆಗಾಲದಲ್ಲಿ. ಮಲ್ಪೆ, ಪಣಂಬೂರು, ಉಳ್ಳಾಲ, ಬಂದರಿನ ಹತ್ತಿರದ ಕಚೇರಿಗಳಲ್ಲಿ ಉಪ್ಪುಗಾಳಿ ಧೂಳಿನ ಜೊತೆ ಬೋರ್ಡಿನ ಮೇಲೆ ಕೂರುತ್ತದೆ. ಉಪ್ಪು ಬೆರೆತ ಧೂಳು ತೇವ ಹೀರಿ ವಿದ್ಯುತ್ ಹರಿಯುವ ಪದರವಾಗುತ್ತದೆ. ಹತ್ತಿರ ಹತ್ತಿರದ ಕಾಲುಗಳ ನಡುವೆ ಸೋರಿಕೆ, ನಂತರ ಹಸಿರು ಕಿಲುಬು. ಜುಲೈಯಲ್ಲಿ ಇಲ್ಲಿನ ಗಾಳಿಯ ಇಬ್ಬನಿ ಬಿಂದು (ತೇವ ನೀರಾಗಿ ಕೂರುವ ಉಷ್ಣತೆ) 24 ಡಿಗ್ರಿ ಆಸುಪಾಸು. ಎಸಿಯಲ್ಲಿ 20ಕ್ಕೆ ತಣಿದ ಕೋಣೆಯ ಬಾಗಿಲು ಕಿಟಕಿ ಸಂಜೆ ತೆರೆದಿಟ್ಟರೆ, ಆಫ್ ಆಗಿ ತಣ್ಣಗಾದ ಬೋರ್ಡಿನ ಮೇಲೆ ನೀರು ಬೆವರುತ್ತದೆ. ಫ್ರಿಜ್ಜಿನಿಂದ ತೆಗೆದ ಬಾಟಲಿಯಂತೆಯೇ. ಓಡುತ್ತಿರುವ ಯಂತ್ರ ಬೆಚ್ಚಗಿರುವುದರಿಂದ ಅಪಾಯ ಕಡಿಮೆ. ಕೆಡುವುದು ವಾರಗಟ್ಟಲೆ ಮುಚ್ಚಿಟ್ಟ ಯಂತ್ರ. ಆಟಿ ತಿಂಗಳಲ್ಲಿ ಕೆಲಸ ಇಲ್ಲದಿದ್ದರೂ ದಿನಕ್ಕೆ ಒಂದೆರಡು ಗಂಟೆ ಆನ್ ಮಾಡಿಡಿ. ಎಸಿ ನಿಲ್ಲಿಸಿದ ಮೇಲೆ ಬಾಗಿಲು ಮುಚ್ಚಿದ್ದು, ಕೋಣೆ ತಾನಾಗಿ ಬೆಚ್ಚಗಾಗಲಿ.

ಮಳೆಗೆ ಮೊದಲೊಮ್ಮೆ, ಮುಗಿದ ಮೇಲೊಮ್ಮೆ ಪ್ಲಗ್ ಕಿತ್ತು, ಮೆದು ಬ್ರಶ್ ಮತ್ತು ಬ್ಲೋವರ್‌ನಿಂದ ಧೂಳು ತೆಗೆಯಬೇಕು. ಬ್ಲೋವರ್ ಬಿಡುವಾಗ ಫ್ಯಾನಿನ ರೆಕ್ಕೆ ತಿರುಗದಂತೆ ಬೆರಳಿನಿಂದ ಹಿಡಿಯಿರಿ. ರ‍್ಯಾಮಿನ ಕಾಲುಗಳನ್ನು ರಬ್ಬರಿನಿಂದ ಉಜ್ಜುವ ಅಭ್ಯಾಸ ಇಲ್ಲಿ ಎಲ್ಲೆಡೆ ಇದೆ. ಅದು ಚಿನ್ನದ ತೆಳು ಲೇಪವನ್ನೇ ಸವೆಸುತ್ತದೆ. ಐಸೊಪ್ರೊಪೈಲ್ ಆಲ್ಕೊಹಾಲ್‌ನಲ್ಲಿ ಅದ್ದಿದ ಬಟ್ಟೆ ಸಾಕು. ತುಕ್ಕು ತಡೆಯಲೆಂದು ಬೋರ್ಡಿಗೆ ವಾರ್ನಿಶ್ ಸಿಂಪಡಿಸುವವರೂ ಇದ್ದಾರೆ. ಸ್ಲಾಟಿನೊಳಗೆ ಅದು ಇಳಿದರೆ ಬೋರ್ಡ್ ಮುಗಿಯಿತು, ವಾರಂಟಿಯೂ ಮುಗಿಯಿತು.

ಮೇ ತಿಂಗಳ ಸಿಡಿಲು ಮೊದಲು ಹೊಡೆಯುವುದು ಲ್ಯಾನ್ ಪೋರ್ಟಿಗೆ. ಕರೆಂಟಿನ ಪ್ಲಗ್ ಕಿತ್ತವರು ಇಂಟರ್‌ನೆಟ್ ಕೇಬಲ್ ಮರೆಯುತ್ತಾರೆ. ಆದ್ದರಿಂದ ಬೋರ್ಡ್ ಆರಿಸುವಾಗ ಗ್ರಾಫಿಕ್ಸ್ ಕಾರ್ಡ್ ಕೂತ ಮೇಲೂ ಮುಚ್ಚಿಹೋಗದ ಒಂದು ಚಿಕ್ಕ ಪಿಸಿಐಇ ಸ್ಲಾಟ್ ಉಳಿಯುತ್ತದೆಯೇ ನೋಡಿ. ಲ್ಯಾನ್ ಸುಟ್ಟರೆ ಅಲ್ಲಿ ಒಂದು ಕಾರ್ಡ್ ಹಾಕಿ ಕೆಲಸ ಮುಂದುವರಿಸಬಹುದು. ನಾಳೆ 10 ಗಿಗಾಬಿಟ್ ಬೇಕಾದರೂ ಜಾಗ ಇರುತ್ತದೆ. ನಮ್ಮ ಮುರಕಲ್ಲಿನ ನೆಲದಲ್ಲಿ ಅರ್ಥಿಂಗ್ ಗುಂಡಿ ಬೇಸಿಗೆಗೆ ಒಣಗುತ್ತದೆ. ನ್ಯೂಟ್ರಲ್ ಮತ್ತು ಅರ್ಥ್ ನಡುವೆ ಮಲ್ಟಿಮೀಟರ್ 2–3 ವೋಲ್ಟಿಗಿಂತ ಹೆಚ್ಚು ತೋರಿಸಿದರೆ ಕಂಪ್ಯೂಟರ್ ಕೊಳ್ಳುವ ಮೊದಲು ಎಲೆಕ್ಟ್ರಿಶಿಯನ್‌ನ್ನು ಕರೆಸಿ.

ಬಯೋಸ್ (ಬೋರ್ಡಿನೊಳಗಿನ ಮೂಲ ತಂತ್ರಾಂಶ) ಮಾತು ಬಿಡುವಂತಿಲ್ಲ. ಇಂಟೆಲ್ 13 ಮತ್ತು 14ನೇ ತಲೆಮಾರಿನ ಮೇಲ್ದರ್ಜೆ ಪ್ರೊಸೆಸರ್‌ಗಳು ಹೆಚ್ಚಿನ ವೋಲ್ಟೇಜಿನಿಂದ ಒಳಗೊಳಗೇ ಕೆಡುತ್ತಿದ್ದವು. 2024ರ ಆಗಸ್ಟ್, ಸೆಪ್ಟೆಂಬರ್‌ನಲ್ಲಿ ಇಂಟೆಲ್ ಮೈಕ್ರೊಕೋಡ್ (ಪ್ರೊಸೆಸರಿನ ಒಳ ಸೂಚನೆಗಳ) ತಿದ್ದುಪಡಿ ಕೊಟ್ಟಿತು, ವಾರಂಟಿಯನ್ನೂ ಎರಡು ವರ್ಷ ಹೆಚ್ಚಿಸಿತು. ಆ ತಿದ್ದುಪಡಿ ಬರುವುದು ಬೋರ್ಡಿನ ಬಯೋಸ್ ಮೂಲಕ. ಅಂಗಡಿಯ ಕಪಾಟಿನಲ್ಲಿ ಅದಕ್ಕಿಂತ ಹಳೆಯ ಬೋರ್ಡ್ ಇದ್ದರೆ ಮೊದಲ ರೆಂಡರಿಗೆ ಮುನ್ನವೇ ಬಯೋಸ್ ಏರಿಸಬೇಕು. ಕೆಟ್ಟ ಪ್ರೊಸೆಸರ್ ಕೆಲವೊಮ್ಮೆ ‘ವಿಡಿಯೊ ಮೆಮೊರಿ ಸಾಲದು’ ಎಂಬ ಸುಳ್ಳು ಸಂದೇಶ ತೋರಿಸುತ್ತದೆ; ಜನ ಗ್ರಾಫಿಕ್ಸ್ ಕಾರ್ಡನ್ನು ಬೈಯುತ್ತಾರೆ. ಪ್ರೊಸೆಸರ್ ಇಲ್ಲದೆಯೇ ಪೆನ್‌ಡ್ರೈವ್‌ನಿಂದ ಬಯೋಸ್ ಏರಿಸುವ ಗುಂಡಿ ಬೋರ್ಡಿನ ಹಿಂಬದಿ ಇದ್ದರೆ ಅದಕ್ಕೆ ನಾಲ್ಕು ಕಾಸು ಹೆಚ್ಚು ಕೊಡಬಹುದು. ಪೆನ್‌ಡ್ರೈವ್ ಫ್ಯಾಟ್32ರಲ್ಲಿ ಫಾರ್ಮ್ಯಾಟ್ ಆಗಿರಬೇಕು, ಫೈಲಿಗೆ ಮ್ಯಾನುವಲ್ ಹೇಳಿದ ಹೆಸರೇ ಇಡಬೇಕು, ನಡುವೆ ಕರೆಂಟ್ ಹೋಗಬಾರದು.

ಅಂಗಡಿಯಲ್ಲಿ ಪೆಟ್ಟಿಗೆ ಬಿಚ್ಚಿದಾಗ ಮೊದಲು ಮೊಬೈಲ್ ಟಾರ್ಚ್ ಹಿಡಿದು ಸಾಕೆಟಿನ ಪಿನ್‌ಗಳನ್ನು ಓರೆಯಾಗಿ ನೋಡಿ. ಒಂದು ಬಾಗಿದ್ದರೂ ಬೆಳಕಿನ ಸಾಲು ಮುರಿದು ಕಾಣುತ್ತದೆ. ಬಾಗಿದ ಪಿನ್ನಿಗೆ ವಾರಂಟಿ ಸಿಗುವುದಿಲ್ಲ. ಸಾಕೆಟಿನ ಪ್ಲಾಸ್ಟಿಕ್ ಮುಚ್ಚಳ ಎಸೆಯಬೇಡಿ, ವಾಪಸು ಕಳಿಸುವಾಗ ಕೇಳುತ್ತಾರೆ. ಜೋಡಿಸಿದ ಮೇಲೆ ಮೆಮೊರಿ ಪರೀಕ್ಷಿಸುವ ಮೆಮ್‌ಟೆಸ್ಟ್86 ಒಂದು ರಾತ್ರಿ ಓಡಲಿ. ಒಂದೇ ಒಂದು ದೋಷ ಬಂದರೂ ಒಪ್ಪಬೇಡಿ. ನಂತರ ಪ್ರೊಸೆಸರ್ ಪರೀಕ್ಷಿಸುವ ಸಿನೆಬೆಂಚ್ ಮೂವತ್ತು ನಿಮಿಷ, ಆಮೇಲೆ ನಿಮ್ಮದೇ ಭಾರವಾದ ಸೀನ್ ಎರಡು ಗಂಟೆ. ಪಕ್ಕದಲ್ಲಿ ಎಚ್‌ಡಬ್ಲ್ಯುಇನ್‌ಫೋ ತೆರೆದಿಟ್ಟು ವಿಆರ್‌ಎಂ ಬಿಸಿ ಮತ್ತು ಕೋರ್ ವೇಗ ಗಮನಿಸಿ. ಕಾರ್ಡ್ ಎಷ್ಟು ಲೇನಿನಲ್ಲಿ ಓಡುತ್ತಿದೆ ಎಂಬುದನ್ನು ಜಿಪಿಯು-ಝಡ್ ತೋರಿಸುತ್ತದೆ. ಕಾರ್ಡ್ ದುಡಿಯುತ್ತಿರುವಾಗ ನೋಡಿ, ಸುಮ್ಮನಿದ್ದಾಗ ಲಿಂಕ್ ವೇಗ ತಗ್ಗಿಯೇ ಇರುತ್ತದೆ.

ಮಿನುಗುವ ದೀಪ, ಬೋರ್ಡಿನ ಮೇಲಿನ ಸಣ್ಣ ಪರದೆ, ಅಂದದ ಹೊದಿಕೆ, ದುಬಾರಿ ಆಡಿಯೊ ಚಿಪ್ ಇವಕ್ಕೆ ರೆಂಡರಿನಲ್ಲಿ ಪಾತ್ರವಿಲ್ಲ. ಆ ಹಣ ವಿಆರ್‌ಎಂಗೆ ಹೋಗಲಿ.

ಟೆಂಡರ್ ಕರೆಯುವ ಕಾಲೇಜು, ಕಚೇರಿಗಳಲ್ಲಿ ನಮ್ಮ ವಿನಂತಿ ಇಷ್ಟು. ‘ಸೂಕ್ತ ಮದರ್‌ಬೋರ್ಡ್’ ಎಂಬ ಪದ ತೆಗೆದುಹಾಕಿ. ಬೋರ್ಡಿನ ಪೂರ್ತಿ ಮಾದರಿ ಹೆಸರು ಮತ್ತು ರಿವಿಶನ್, ಕೋರ್ ಫೇಸ್‌ಗಳ ಸಂಖ್ಯೆ, ಎರಡೂ ಉದ್ದ ಸ್ಲಾಟ್ ತುಂಬಿದಾಗ ಸಿಗುವ ಲೇನ್, ಅವುಗಳ ನಡುವಿನ ಅಂತರ, ಎಂ.2 ತುಂಬಿದಾಗ ಕಳೆದುಹೋಗುವ ಪೋರ್ಟ್‌ಗಳು, ಬಯೋಸ್ ಆವೃತ್ತಿ, ವಾರಂಟಿ ವರ್ಷ ಇಷ್ಟನ್ನೂ ಬರೆದುಕೊಡಲು ಕೇಳಿ. ಎರಡು ಗಂಟೆಯ ರೆಂಡರ್ ಪರೀಕ್ಷೆ ಮುಗಿದ ಮೇಲೆಯೇ ಬಿಲ್ ಪಾಸ್ ಮಾಡುವ ಷರತ್ತು ಸೇರಿಸಿ. ಅಂಗಡಿಯವರಲ್ಲೂ ಒಂದು ಮಾತು: ಮ್ಯಾನುವಲಿನ ಆ ಲೇನ್ ಹಂಚಿಕೆಯ ಪುಟವನ್ನು ಪ್ರಿಂಟ್ ತೆಗೆದು ಕೊಟೇಶನ್‌ಗೆ ಪಿನ್ ಮಾಡಿ ಕೊಡಿ.

– ಕಂಪ್ಯೂಟರ್ ಜೋಡಣೆ ಮತ್ತು ದುರಸ್ತಿ ಕೆಲಸದವರು, ಮಂಗಳೂರು